ಕೆಡಿಸಿ ಕಲಿಯುವ ಫ್ಲಟರ್

ಫ್ಲಟರ್ ಮೇಲೋ ರಿಯಾಕ್ಟ್ ನೇಟಿವ್ ಮೇಲೋ ಎಂದು ಚರ್ಚೆ ಓದುತ್ತಲೇ ತಿಂಗಳು ಕಳೆದವರನ್ನು ಕಂಡಿದ್ದೇನೆ. ಎರಡರಲ್ಲೂ ಒಂದೇ ಕೋಡ್ ಬರೆದು ಆಂಡ್ರಾಯ್ಡ್‌ಗೂ ಐಫೋನ್‌ಗೂ ಆ್ಯಪ್ ಮಾಡಬಹುದು. ಜಾವಾಸ್ಕ್ರಿಪ್ಟ್ ಬಲ್ಲವರು, ಫೇಸ್‌ಬುಕ್ 2015ರಲ್ಲಿ ಹೊರತಂದ ರಿಯಾಕ್ಟ್ ನೇಟಿವ್ ಹಿಡಿಯಲಿ. ಏನೂ ಗೊತ್ತಿಲ್ಲದೆ ಬರುವವರಿಗೆ ನಾನು ಹೇಳುವುದು ಗೂಗಲ್‌ನ ಫ್ಲಟರ್. ಅದರ ಮೊದಲ ಸ್ಥಿರ ಆವೃತ್ತಿ 2018ರ ಡಿಸೆಂಬರ್‌ನಲ್ಲಿ ಬಂತು, ಭಾಷೆ ಡಾರ್ಟ್. ವೇರಿಯಬಲ್, ಲೂಪ್, ಫಂಕ್ಷನ್, ಕ್ಲಾಸ್ ಇಷ್ಟರ ಪರಿಚಯವಾದರೆ ಶುರು ಮಾಡಿಬಿಡಿ. ಡಾರ್ಟ್ ಪೂರ್ತಿ ಕಲಿತೇ ಮುಂದುವರಿಯುತ್ತೇನೆ ಎಂದು ಕುಳಿತವರು ಕುಳಿತೇ ಇರುತ್ತಾರೆ.

ಮೊದಲು ಡಾಕ್ಟರ್‌ಗೆ ತೋರಿಸಿ

ಫ್ಲಟರ್ ಮತ್ತು ಆಂಡ್ರಾಯ್ಡ್ ಆ್ಯಪ್ ಕಟ್ಟಲು ಬೇಕಾದ ಆಂಡ್ರಾಯ್ಡ್ ಸ್ಟುಡಿಯೊ ಹಾಕಿಕೊಂಡ ಮೇಲೆ, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಫ್ಲಟರ್ ಡಾಕ್ಟರ್’ ಎಂಬ ಆಜ್ಞೆ ಕೊಡಿ. ಏನಿದೆ, ಏನಿಲ್ಲ ಎಂದು ಅದೇ ತಪಾಸಣೆ ಮಾಡಿ ಹೇಳುತ್ತದೆ. ಎಲ್ಲ ಸಾಲಿಗೂ ಹಸಿರು ಗುರುತು ಬೀಳಲೇಬೇಕೆಂಬ ಹಟ ಬೇಡ. ಎಕ್ಸ್‌ಕೋಡ್‌ನ ಸಾಲು ಐಫೋನ್‌ಗೆ ಸಂಬಂಧಿಸಿದ್ದು, ಅದಕ್ಕೆ ಮ್ಯಾಕ್ ಕಂಪ್ಯೂಟರೇ ಬೇಕು. ಆಂಡ್ರಾಯ್ಡ್ ಸಾಲು ಸರಿಯಿದ್ದರೆ ಸದ್ಯಕ್ಕೆ ಸಾಕು.

ಆ್ಯಪ್ ಪರೀಕ್ಷಿಸಲು ಕಂಪ್ಯೂಟರಿನಲ್ಲೇ ಓಡುವ ನಕಲಿ ಫೋನ್, ಅಂದರೆ ಎಮ್ಯುಲೇಟರ್, ಮೆಮೊರಿ ನುಂಗುತ್ತದೆ. ಕೈಯಲ್ಲಿರುವ ಫೋನೇ ವಾಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಹುಡುಕಿ ಏಳು ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಜೋಡಿಸಿ. ಚಾರ್ಜ್ ಮಾಡಲಷ್ಟೇ ಬರುವ ಕೇಬಲ್‌ಗಳೂ ಇರುತ್ತವೆ. ಅಂಥದ್ದೊಂದನ್ನು ಚುಚ್ಚಿಕೊಂಡು ಫೋನ್ ಏಕೆ ಕಾಣಿಸುತ್ತಿಲ್ಲ ಎಂದು ನಾನು ಒಂದು ಇಡೀ ಸಂಜೆ ತಲೆ ಕೆರೆದುಕೊಂಡಿದ್ದೇನೆ.

ಎಣಿಸುವ ಆ್ಯಪನ್ನು ಕೆಡಿಸಿ

ಹೊಸ ಪ್ರಾಜೆಕ್ಟ್ ತೆರೆದರೆ ಫ್ಲಟರ್ ತಾನಾಗಿಯೇ ಒಂದು ಪುಟ್ಟ ಆ್ಯಪ್ ಬರೆದುಕೊಡುತ್ತದೆ: ಗುಂಡಿ ಒತ್ತಿದಂತೆ ಅಂಕಿ ಒಂದೊಂದೇ ಏರುತ್ತದೆ. ಬಹುತೇಕರು ಅದನ್ನು ಅಳಿಸಿ ಮುಂದೆ ಹೋಗುತ್ತಾರೆ. ಅಳಿಸಬೇಡಿ, ಕಲಿಯಬೇಕಾದ ತಿರುಳು ಅಲ್ಲೇ ಇದೆ.

ಮೇನ್ ಡಾರ್ಟ್ ಕಡತದಲ್ಲಿ ಅಂಕಿ ಏರಿಸುವ ಸಾಲು ‘ಸೆಟ್‌ಸ್ಟೇಟ್’ ಎಂಬುದರ ಆವರಣದೊಳಗೆ ಕುಳಿತಿದೆ. ಆ ಆವರಣ ತೆಗೆದು ಸಾಲನ್ನು ಮಾತ್ರ ಉಳಿಸಿ, ಕಡತ ಸೇವ್ ಮಾಡಿ. ವಿಎಸ್ ಕೋಡ್‌ನಂಥ ಎಡಿಟರ್ ಆದರೆ ಸೇವ್ ಮಾಡಿದೊಡನೆ ಬದಲಾವಣೆ ಫೋನಿಗೆ ತಲುಪುತ್ತದೆ. ಟರ್ಮಿನಲ್‌ನಿಂದ ಓಡಿಸುತ್ತಿದ್ದರೆ ಅಲ್ಲಿ ಸಣ್ಣ ಆರ್ ಅಕ್ಷರ ಒತ್ತಬೇಕು. ಇದೇ ಹಾಟ್ ರಿಲೋಡ್. ಈಗ ಗುಂಡಿಯನ್ನು ಐದು ಸಲ ಒತ್ತಿ. ಪರದೆಯ ಮೇಲೆ ಅಂಕಿ ಮಿಸುಕುವುದಿಲ್ಲ. ಹಾಗಾದರೆ ಎಣಿಕೆ ನಿಂತಿದೆಯೇ? ಪರದೆಯ ಮೇಲಿನ ವಾಕ್ಯದಲ್ಲಿ ಒಂದು ಪದ ಬದಲಿಸಿ ಮತ್ತೆ ರಿಲೋಡ್ ಮಾಡಿ ನೋಡಿ. ಅಂಕಿ ಒಮ್ಮೆಗೇ ಐದಕ್ಕೆ ಹಾರುತ್ತದೆ.

ಅಂದರೆ ಲೆಕ್ಕ ಒಳಗೆ ನಡೆಯುತ್ತಲೇ ಇತ್ತು, ಪರದೆಗೆ ಸುದ್ದಿ ಮುಟ್ಟಿರಲಿಲ್ಲ. ಸೆಟ್‌ಸ್ಟೇಟ್ ಮಾಡುವುದು ಈ ಸುದ್ದಿ ಮುಟ್ಟಿಸುವ ಕೆಲಸವನ್ನೇ: ಮಾಹಿತಿ ಬದಲಾಗಿದೆ, ಈ ವಿಜೆಟ್ಟನ್ನು ಮತ್ತೆ ಕಟ್ಟು ಎಂದು ತಿಳಿಸುತ್ತದೆ. ಫ್ಲಟರ್‌ನಲ್ಲಿ ಅಕ್ಷರ, ಗುಂಡಿ, ನಡುವಿನ ಖಾಲಿ ಜಾಗ ಎಲ್ಲವೂ ವಿಜೆಟ್. ತಾನಾಗಿ ಬದಲಾಗದಿದ್ದರೆ ಸ್ಟೇಟ್‌ಲೆಸ್, ಬದಲಾಗುವ ಮಾಹಿತಿಯನ್ನು ಇಟ್ಟುಕೊಳ್ಳಬೇಕಿದ್ದರೆ ಸ್ಟೇಟ್‌ಫುಲ್. ಪ್ರೊವೈಡರ್, ಬ್ಲಾಕ್, ರಿವರ್‌ಪಾಡ್ ಎಂದು ಮುಂದೆ ಕೇಳಿಬರುವ ಹೆಸರುಗಳೆಲ್ಲ ದೊಡ್ಡ ಆ್ಯಪ್‌ಗಳಲ್ಲಿ ಇದೇ ಸುದ್ದಿ ಹಂಚುವ ವ್ಯವಸ್ಥೆಗಳು. ಮೊದಲ ತಿಂಗಳು ಅವುಗಳ ತಂಟೆಗೆ ಹೋಗಬೇಡಿ.

ಹಳದಿ–ಕಪ್ಪು ಪಟ್ಟೆ ಕಂಡಾಗ

ವಿಜೆಟ್‌ಗಳನ್ನು ಒಂದರ ಕೆಳಗೊಂದು ಜೋಡಿಸುವ ಕಾಲಮ್ ಒಂದರಲ್ಲಿ ನಾಲ್ಕಾರನ್ನು ಪೇರಿಸಿ, ಕೊನೆಗೊಂದು ಬರೆಯುವ ಚೌಕ ಇಡುತ್ತೀರಿ. ಅದನ್ನು ಮುಟ್ಟಿದೊಡನೆ ಕೀಬೋರ್ಡ್ ಮೇಲೇಳುತ್ತದೆ, ಅದರ ಅಂಚಿನಲ್ಲೇ ರಸ್ತೆ ತಡೆಯಂಥ ಹಳದಿ–ಕಪ್ಪು ಪಟ್ಟೆ ಮೂಡುತ್ತದೆ. ಆ್ಯಪ್ ಸತ್ತಿಲ್ಲ, ಜಾಗ ಸಾಲಲಿಲ್ಲ ಅಷ್ಟೆ. ಎಷ್ಟು ಪಿಕ್ಸೆಲ್ ಹೊರಚಾಚಿದೆ ಎಂಬುದನ್ನೂ ದೋಷದ ಸಂದೇಶ ಹೇಳುತ್ತದೆ. ಕಾಲಮನ್ನು ಸಿಂಗಲ್ ಚೈಲ್ಡ್ ಸ್ಕ್ರೋಲ್ ವ್ಯೂ ಎಂಬ ವಿಜೆಟ್ ಒಳಗಿಟ್ಟರೆ ಪುಟ ಸರಿದು ಜಾಗ ಕೊಡುತ್ತದೆ. ಕೆಂಪು ಅಕ್ಷರ ಕಂಡೊಡನೆ ಮುಚ್ಚಿಬಿಡುವ ಅಭ್ಯಾಸ ಬಿಡಿ. ಮೊದಲ ಎರಡು ಸಾಲನ್ನಾದರೂ ಓದಿ.

ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗೆ ಪ್ಯಾಕೇಜ್ ಎನ್ನುತ್ತಾರೆ. ಆ್ಯಪ್‌ಗೆ ಬೇಕಾದ ಪ್ಯಾಕೇಜ್‌ಗಳ ಹೆಸರು ಬರೆಯುವ ಪಬ್‌ಸ್ಪೆಕ್ ಕಡತದಲ್ಲಿ ಒಂದನ್ನು ಸೇರಿಸುವಾಗ ಸಾಲಿನ ಮೊದಲಿನ ಸ್ಪೇಸ್‌ಗಳ ಮೇಲೆ ಕಣ್ಣಿರಲಿ. ಒಂದು ಹೆಚ್ಚುಕಡಿಮೆಯಾದರೂ ತಕರಾರು.

ವಿಡಿಯೊ ಪಾಠದಲ್ಲಿ ‘ರೈಸ್ಡ್ ಬಟನ್’ ಎಂಬ ಹೆಸರು ಕಂಡರೆ ಅದು ಹಳೆಯದು ಎಂದೇ ಲೆಕ್ಕ. ಈಗ ಅದರ ಜಾಗದಲ್ಲಿ ‘ಎಲಿವೇಟೆಡ್ ಬಟನ್’ ಇದೆ. 2021ರಲ್ಲಿ ಡಾರ್ಟ್‌ಗೆ ನಲ್ ಸೇಫ್ಟಿ (ವೇರಿಯಬಲ್ ಖಾಲಿ ಇರಬಹುದೇ ಎಂದು ಮೊದಲೇ ಹೇಳಿಸುವ ನಿಯಮ) ಬಂದ ಮೇಲಂತೂ ಅದಕ್ಕೂ ಹಿಂದಿನ ಎಷ್ಟೋ ಕೋಡ್ ಇದ್ದ ಹಾಗೆ ಓಡುವುದಿಲ್ಲ. ಅಂಥ ಪಾಠ ನೋಡಿ ತಪ್ಪು ನಿಮ್ಮದೆಂದು ಕೊರಗಬೇಡಿ.

ಸ್ವಂತದ್ದೊಂದು

ಇನ್ನು ಮಾಡಬೇಕಾದ ಕೆಲಸಗಳ ಪಟ್ಟಿಯ ಆ್ಯಪ್ ಬರೆಯಿರಿ: ಸೇರಿಸುವುದು, ಅಳಿಸುವುದು, ಅಷ್ಟೇ. ಲಾಗಿನ್ ಬೇಡ, ಸರ್ವರ್ ಬೇಡ. ಆ್ಯಪ್ ಮುಚ್ಚಿ ತೆರೆದರೆ ಪಟ್ಟಿ ಮಾಯವಾಗಿರುತ್ತದೆ. ಆಗ ಶೇರ್ಡ್ ಪ್ರಿಫರೆನ್ಸಸ್ ಪ್ಯಾಕೇಜ್ ತಂದು ಪಟ್ಟಿಯನ್ನು ಫೋನಿನಲ್ಲೇ ಉಳಿಸಿ. ಬಳಿಕ ‘ಫ್ಲಟರ್ ಬಿಲ್ಡ್ ಎಪಿಕೆ’ ಆಜ್ಞೆ ಕೊಟ್ಟು, ಬಂದ ಎಪಿಕೆ ಕಡತವನ್ನು, ಅಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳುವ ಕಡತವನ್ನು, ಗೆಳೆಯರ ಫೋನಿಗೆ ಕಳುಹಿಸಿ. ಇಷ್ಟು ದಿನ ಪರದೆಯ ಬಲ ಮೇಲ್ಮೂಲೆಯಲ್ಲಿ ಅಡ್ಡಲಾಗಿ ಅಂಟಿಕೊಂಡಿದ್ದ ‘ಡೀಬಗ್’ ಎಂಬ ರಿಬ್ಬನ್ ಅಲ್ಲಿ ಕಾಣಿಸುವುದಿಲ್ಲ.