ಪ್ಯಾಟ್ಮೋಸ್ ಬೆಟ್ಟದ ಮಠ: ಮೂರನೇ ಸಲ ಸಿಕ್ಕ ದಾರಿ

ನಡುರಾತ್ರಿ ಗ್ರೀಸ್‌ನ ಪ್ಯಾಟ್ಮೋಸ್ ದ್ವೀಪದಲ್ಲಿ ಇಳಿದು, ಬೆಳಗಾಗುತ್ತಲೇ ಸಂತ ಯೋಹಾನನ ಮಠವಿರುವ ಗುಡ್ಡ ಹತ್ತುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. "ಸುಮ್ನೆ ಟೂರ್ ತಗೋ" ಅಂದವರೇ ಜಾಸ್ತಿ. ಟೂರ್ ನಂಬಿ ನಾನು ಅದಾಗಲೇ ಕೆಟ್ಟಿದ್ದೆ.

ಮೊದಲ ಸಲ ಕೋಸ್ ದ್ವೀಪದಿಂದ ಒಂದು ದಿನದ ಪ್ರವಾಸ. ಸುಮಾರು 70 ಯೂರೋ ಕೊಟ್ಟಿದ್ದೆ. ಪ್ಯಾಟ್ಮೋಸ್‌ನ ಸ್ಕಾಲಾ ಬಂದರು ಮುಟ್ಟಿದಾಗಲೇ ಹನ್ನೊಂದೂವರೆ. ಬಸ್ಸು ಕಾದು ಮೇಲೆ ಮಠವಿರುವ ಖೋರಾ ಊರಿಗೆ ಹೋಗುವಷ್ಟರಲ್ಲಿ ಮಠದ ಬಾಗಿಲು ಹಾಕುವ ಹೊತ್ತು. ಇಪ್ಪತ್ತು ನಿಮಿಷವೂ ಸಿಗಲಿಲ್ಲ. ಎರಡನೇ ಸಲ ನಾನೇ ಹೋದೆ, ಆದರೆ ಅದೇ ದಿನ ಎರಡು ಕ್ರೂಸ್ ಹಡಗು ಬಂದಿದ್ದವು. ಯೋಹಾನನಿಗೆ ಬೈಬಲ್‌ನ ಕೊನೆಯ ಪುಸ್ತಕದಲ್ಲಿರುವ ದರ್ಶನವಾಯಿತು ಎನ್ನುವ ಗುಹೆಯೊಳಗೆ ನಿಲ್ಲಲೂ ಜಾಗವಿಲ್ಲ. ಎರಡೂ ಸೇರಿ 250 ಯೂರೋ ಹತ್ತಿರ ನೀರಿಗೆ ಹಾಕಿದಂತಾಯಿತು.

ಮೂರನೇ ಸಲ ಅಕ್ಟೋಬರ್. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಹಡಗು, ಡೆಕ್ ಟಿಕೆಟ್, ಐವತ್ತು ಯೂರೋ ಒಳಗೆ. ಎಂಟು ಗಂಟೆ ದಾರಿ. ಮನೆಯಿಂದ ತಂದ ಒಗ್ಗರಣೆ ಅವಲಕ್ಕಿ ಊಟಕ್ಕಾಯಿತು. ಇಳಿದಾಗ ಹನ್ನೆರಡು ದಾಟಿತ್ತು. ತಡವಾಗಿ ಬರುತ್ತೇನೆಂದು ಮೊದಲೇ ಹೇಳಿಟ್ಟಿದ್ದರಿಂದ ರೂಮಿನ ಅಜ್ಜಿ ದೀಪ ಹಚ್ಚಿಕೊಂಡು ಕಾದಿದ್ದರು. ರೂಮಿಗೆ 40 ಯೂರೋ. ಆ ಅಜ್ಜಿಯ ಮನೆ ಹುಡುಕಿದ ಬಗೆ ಮಾತ್ರ ನನ್ನಲ್ಲೇ ಇರಲಿ.

ಏಳಕ್ಕೆ ಹಳೆಯ ಕಲ್ಲುಹಾಸಿನ ದಾರಿ ಹಿಡಿದೆ. ಪೈನ್ ಮರಗಳ ನಡುವೆ ಏರು. ಗುಹೆ ಅರ್ಧ ದಾರಿಯಲ್ಲೇ ಸಿಗುತ್ತದೆ, ಆದರೆ ನಿಲ್ಲಲಿಲ್ಲ. ಮೇಲಿನದು ಮೊದಲು, ಗುಹೆ ಇಳಿಯುವಾಗ. ನನ್ನ ಉಪಾಯದ ಜೀವಾಳವೇ ಇದು. ನಲವತ್ತು ನಿಮಿಷದಲ್ಲಿ ಮೇಲಿದ್ದೆ. ಬಾಗಿಲು ತೆರೆದಾಗ ಹೊರಗೆ ನಿಂತಿದ್ದವನು ನಾನೊಬ್ಬನೇ!

ಹೊರಗಿನಿಂದ ಅದು ಮಠವಲ್ಲ, ಕೋಟೆ. ಕಡಲ್ಗಳ್ಳರ ಮೇಲೆ ಕುದಿಯುವ ಎಣ್ಣೆ ಸುರಿಯಲೆಂದು ಬಾಗಿಲಿನ ಮೇಲೆ ಕಂಡಿ ಇಟ್ಟಿದ್ದಾರೆ. ಒಳಗೆ ಕಮಾನುಗಳ ಸಾಲು, ಕಾಲ ಕೆಳಗೆ ಉರುಟು ಕಲ್ಲು. ಮ್ಯೂಸಿಯಂ ಟಿಕೆಟ್ ಆಗ ನಾಲ್ಕೋ ಆರೋ ಯೂರೋ ಇತ್ತು. ಬೈಜಾಂಟೈನ್ ಚಕ್ರವರ್ತಿ ಒಂದನೇ ಅಲೆಕ್ಸಿಯೋಸ್ ಕೊಮ್ನೆನೋಸ್ 1088ರಲ್ಲಿ ಈ ದ್ವೀಪವನ್ನು ಸನ್ಯಾಸಿ ಕ್ರಿಸ್ಟೊಡೂಲೋಸ್‌ಗೆ ಬರೆದುಕೊಟ್ಟ ಉದ್ದನೆಯ ದಾನಪತ್ರ ಅಲ್ಲೇ ಇದೆ. ಅದರ ಕೆಂಪು ಶಾಯಿಯ ರುಜು ನೋಡುತ್ತಾ ಎಷ್ಟೋ ಹೊತ್ತು ನಿಂತೆ. ಯಾರೂ ತಳ್ಳಲಿಲ್ಲ, ಯಾರೂ ಗಡಿಯಾರ ತೋರಿಸಲಿಲ್ಲ. ಮೂರು ಸಲ ಅಲೆದಿದ್ದು ಇದಕ್ಕೇ ಅಲ್ವಾ?

ಹತ್ತೂವರೆಗೆ ಮೊದಲ ದೊಡ್ಡ ಗುಂಪು ಮೇಲೆ ಬಂತು. ನಾನು ಆಗ ಇಳಿಯುತ್ತಿದ್ದೆ. ಗುಹೆಯಲ್ಲಿ ಆರೇಳು ಜನ. ಮೂರಾಗಿ ಸೀಳಿದ ಬಂಡೆ, ಯೋಹಾನ ತಲೆಯಿಟ್ಟು ಮಲಗುತ್ತಿದ್ದ ಎನ್ನುವ ಬೆಳ್ಳಿ ಅಂಚಿನ ಗೂಡು, ಎರಡನ್ನೂ ಹತ್ತಿರದಿಂದಲೇ ನೋಡಿದೆ.

ಮರುದಿನ ಅದೇ ಗುಡ್ಡಕ್ಕೆ ಸ್ಕೂಟರ್ ಪ್ರಯತ್ನಿಸಿದೆ. ಬಾಡಿಗೆ 20 ಯೂರೋ, ಗಾಳಿ ಜೋರು, ಗಾಡಿ ನಿಲ್ಲಿಸುವ ಜಾಗ ಹುಡುಕಿ ನಡೆಯುವಾಗ ಉಳಿಸಿದ ಸಮಯವೆಲ್ಲ ಹೋಯಿತು. ಸಂಜೆ ಮತ್ತೆ ನಡೆದೇ ಹತ್ತಿದೆ, ಖೋರಾದ ಮೂರು ಗಾಳಿಗಿರಣಿಗಳ ತನಕ. ಕತ್ತಲಾದ ಮೇಲೆ ಇಳಿದು, ರಾತ್ರಿ ಹಡಗು ಹತ್ತಿದೆ.