ಬಾಯಿಯಿಲ್ಲದ ಜ್ವಾಲಾಮುಖಿ

ಪುಣೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಏಳನೆಯ ತರಗತಿಗೆ ವಿಜ್ಞಾನ ಮತ್ತು ಗಣಿತವನ್ನು ಕಲಿಸುತ್ತೇನೆ. ವಿಜ್ಞಾನ ಪ್ರದರ್ಶನ ಬಂತೆಂದರೆ ಯಾವುದಾದರೊಂದು ಗುಂಪು ಜ್ವಾಲಾಮುಖಿಯ ಮಾದರಿಯನ್ನು ಮಾಡಿಯೇ ಮಾಡುತ್ತದೆ. ಎರಡು ನಿಮಿಷ ಕೆಂಪು ನೊರೆ ಉಕ್ಕುತ್ತದೆ, ಚಪ್ಪಾಳೆ ಬೀಳುತ್ತದೆ, ಅಲ್ಲಿಗೆ ಮುಗಿಯುತ್ತದೆ. ಒಂದು ವರ್ಷ ಅದೇ ಮಾದರಿಯನ್ನು ಇತರ ಪಾಠಗಳೊಂದಿಗೆ ಜೋಡಿಸಿ ಕಲಿಸಲು ಯತ್ನಿಸಿದೆ.

ಆರಂಭ ಚೆನ್ನಾಗಿರಲಿಲ್ಲ. ಹಳೆಯ ಪತ್ರಿಕೆಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಜುಲೈ ತಿಂಗಳಲ್ಲಿ ಕಟ್ಟಿದ ಬೆಟ್ಟವು ಮಳೆಗಾಲದ ತೇವದಲ್ಲಿ ಒಣಗದೆ ಬೂಷ್ಟು ಹಿಡಿಯಿತು. ಎರಡನೆಯದಕ್ಕೆ ಒಂದೊಂದೇ ಪದರವನ್ನು ಹಚ್ಚಿ, ಫ್ಯಾನಿನ ಕೆಳಗಿಟ್ಟು, ಅದು ಒಣಗಿದ ಮೇಲೆಯೇ ಮುಂದಿನ ಪದರವನ್ನು ಹಚ್ಚಿದೆವು.

ಮಕ್ಕಳು ಬಾಟಲಿಗೆ ಐದು ಚಮಚ ಅಡುಗೆ ಸೋಡಾ ಸುರಿದು, ಮೇಲೆ 100 ಮಿಲಿಲೀಟರ್ ವಿನೆಗರ್ ಹಾಕಿದರು. ನೊರೆ ಇಳಿದ ಮೇಲೆ ನೋಡಿದರೆ ತಳದಲ್ಲಿ ಬಿಳಿಯ ಪುಡಿ ಹಾಗೆಯೇ ಉಳಿದಿತ್ತು. ನನ್ನ ಗಣಿತದ ಪಾಠ ಅಲ್ಲಿಂದಲೇ ಹುಟ್ಟಿತು. ಸೋಡಾ ಮತ್ತು ಅಸಿಟಿಕ್ ಆಮ್ಲ ತೂಕದಲ್ಲಿ 84ಕ್ಕೆ 60ರಂತೆ, ಅಂದರೆ 7ಕ್ಕೆ 5ರಂತೆ ವರ್ತಿಸುತ್ತವೆ. ನಮ್ಮ ವಿನೆಗರಿನಲ್ಲಿ ಆಮ್ಲ ಇದ್ದುದು ಶೇಕಡಾ 4 ಮಾತ್ರ. ಹಾಗಾದರೆ 100 ಮಿಲಿಲೀಟರಿಗೆ ಬೇಕಾದ ಸೋಡಾ ಸುಮಾರು 5.6 ಗ್ರಾಂ, ಒಂದು ಚಮಚಕ್ಕಿಂತ ತುಸು ಹೆಚ್ಚು. ಪುಸ್ತಕದ ಅನುಪಾತದ ಲೆಕ್ಕಗಳಿಗೆ ಆಕಳಿಸುತ್ತಿದ್ದ ಮಕ್ಕಳು ಈ ಲೆಕ್ಕವನ್ನು ತಾವಾಗಿಯೇ ಮೂರು ಬಾರಿ ಮಾಡಿದರು. ಸೋಡಾವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಬಿಟ್ಟರೆ ನೊರೆ ನಿಧಾನವಾಗಿ ಏಳುತ್ತದೆ, ನೋಡುವವರಿಗೂ ಬಿಡುವು ಸಿಗುತ್ತದೆ.

ನೊರೆಯನ್ನು ಮುಟ್ಟಿದ ಹುಡುಗಿಯೊಬ್ಬಳು, "ಟೀಚರ್, ಲಾವಾ ತಣ್ಣಗೈತ್ರಿ!" ಎಂದು ಕೂಗಿದಳು. ಅವಳು ಹೇಳಿದ್ದು ನಿಜ. ಈ ಕ್ರಿಯೆಯು ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ ಥರ್ಮಾಮೀಟರಿನ ಪಾದರಸವೂ ಇಳಿಯಿತು. ಆರಿದ ಮೇಲೆ ಬಸಾಲ್ಟ್ ಎಂಬ ಕರಿಕಲ್ಲಾಗುವ ನಿಜವಾದ ಲಾವಾದ ಉಷ್ಣತೆ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್. ಒಳಗಿನ ಅನಿಲ ಹಿಗ್ಗಿ ದ್ರವವನ್ನು ಮೇಲಕ್ಕೆ ತಳ್ಳುತ್ತದೆ ಎಂಬ ಒಂದು ಅಂಶವನ್ನು ಬಿಟ್ಟರೆ ನಮ್ಮ ಮಾದರಿಯಲ್ಲಿ ನಿಜಕ್ಕೆ ಹತ್ತಿರವಾದದ್ದು ಕಡಿಮೆ ಎಂಬುದನ್ನು ಮಕ್ಕಳೆದುರು ಒಪ್ಪಿಕೊಂಡೆ.

ಅದಕ್ಕಿಂತ ದೊಡ್ಡ ಕೊರತೆ ನನ್ನ ಗಮನಕ್ಕೆ ಬಂದದ್ದು ತಡವಾಗಿ. ನಾವು ನಿಂತಿರುವ ದಖನ್ನಿನ ನೆಲವೇ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಇಂಥದೇ ಲಾವಾದಿಂದಾದದ್ದು. ಆದರೆ ಅದರ ಬಹುಪಾಲು ಬಂದದ್ದು ಚೂಪು ಬೆಟ್ಟದ ತುದಿಯಿಂದಲ್ಲ, ನೆಲದ ಉದ್ದನೆಯ ಬಿರುಕುಗಳಿಂದ. ಪಾಠದಲ್ಲಿದ್ದ 'ಜ್ವಾಲಾಮುಖಿ' ಪದವನ್ನು ಜ್ವಾಲೆಯ ಬಾಯುಳ್ಳದ್ದು ಎಂದು ಬಿಡಿಸುವಾಗ ಒಬ್ಬ ಹುಡುಗ, "ಹಾಗಾದ್ರ ನಮ್ದು ಬಾಯಿ ಇಲ್ಲದ್ದು" ಎಂದನು. ಪದರ ಪದರವಾಗಿ ಹರಡಿದ ಈ ಶಿಲೆಗೆ ಬಂದ 'ಟ್ರ್ಯಾಪ್' ಎಂಬ ಹೆಸರಿನ ಮೂಲ ಸ್ವೀಡಿಷ್ ಭಾಷೆಯ ಮೆಟ್ಟಿಲು ಎಂಬ ಪದ. ಸಹ್ಯಾದ್ರಿಯ ಘಾಟಿಯನ್ನು ಬಸ್ಸಿನಲ್ಲಿ ಇಳಿದವರಿಗೆ ಆ ಮೆಟ್ಟಿಲುಗಳ ಪರಿಚಯವಿರುತ್ತದೆ.

ಆದ್ದರಿಂದ ಎರಡನೆಯ ಮಾದರಿ ಮಾಡಿದೆವು. ಮೊದಲು ದೋಸೆ ಹಿಟ್ಟನ್ನೂ ಇಡ್ಲಿ ಹಿಟ್ಟನ್ನೂ ವಾರೆಯಾಗಿಟ್ಟ ತಟ್ಟೆಯ ಮೇಲೆ ಹರಿಯಬಿಟ್ಟು ಸಮಯ ಅಳೆದೆವು; ತೆಳುವಾದುದು ದೂರ ಹೋಗಿ ಚಪ್ಪಟೆಯಾಗುತ್ತದೆ, ಗಟ್ಟಿಯಾದುದು ಗುಡ್ಡೆಯಾಗುತ್ತದೆ. ಬಳಿಕ ಟ್ರೇಯಲ್ಲಿ ಇದ್ದಿಲ ಪುಡಿ ಬೆರೆಸಿದ ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಪದರ ಪದರವಾಗಿ ಹುಯ್ದು, ನಡುನಡುವೆ ತೆಳುವಾಗಿ ಕೆಮ್ಮಣ್ಣು ಉದುರಿಸಿದೆವು, ಏಕೆಂದರೆ ಎರಡು ಹರಿವುಗಳ ನಡುವೆ ಕಾಲ ಕಳೆದು ಮಣ್ಣಾದ ಕೆಂಪು ಪಟ್ಟಿಗಳು ಘಾಟಿಗಳಲ್ಲಿ ಕಾಣುತ್ತವೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಅದರೊಳಗೆ ಕೈ ಅದ್ದಲು ಬಿಡಬಾರದು. ಪೂರ್ತಿ ಒಣಗುವ ಮುನ್ನವೇ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದರೆ ಪದರಗಳು ಸ್ವಚ್ಛವಾಗಿ ಕಾಣುತ್ತವೆ.

ಇತಿಹಾಸದ ಶಿಕ್ಷಕರು ಆ ಹಲಗೆಯನ್ನು ನೋಡಿ, ಮಕ್ಕಳನ್ನು ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ ಕರೆದೊಯ್ದರು. ರಾಷ್ಟ್ರಕೂಟರ ಕಾಲದಲ್ಲಿ, 8ನೇ ಶತಮಾನದಲ್ಲಿ, ಇದೇ ಕರಿಕಲ್ಲನ್ನು ಕೊರೆದು ಮಾಡಿದ ಗುಹಾಲಯವದು. ಮರಳಿ ಬಂದವರು ನಮ್ಮ ಪ್ಲಾಸ್ಟರಿನಲ್ಲೂ ಮೊಳೆಯಿಂದ ದುಂಡನೆಯ ನಂದಿಮಂಟಪವನ್ನು ಕೆತ್ತಿದರು; ಎರಡು ಕಂಬ ಮುರಿದವು. ಮೈದಾನದಲ್ಲಿ, ಸಾವಿರ ವರ್ಷಕ್ಕೆ ಒಂದು ಮಿಲಿಮೀಟರಿನಂತೆ, 66 ಮೀಟರ್ ದಾರ ಹಿಡಿದಾಗ ಲಾವಾ ಒಂದು ತುದಿಯಲ್ಲಿತ್ತು, ಪಾತಾಳೇಶ್ವರವು ಇನ್ನೊಂದು ತುದಿಯಿಂದ ಒಂದೂಕಾಲು ಮಿಲಿಮೀಟರ್ ದೂರದಲ್ಲಿತ್ತು. ಅಷ್ಟು ಹತ್ತಿರ ಗಂಟು ಹಾಕಲು ಯಾರಿಗೂ ಆಗಲಿಲ್ಲ.

ನನ್ನ ತರಗತಿಯ ಬಹುತೇಕ ಮಕ್ಕಳ ಮನೆಯವರು ವಿಜಯಪುರ, ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವರ ಊರಿನ ಎರೆಮಣ್ಣು ಈ ಬಸಾಲ್ಟ್ ಸವೆದು ಆದದ್ದೆಂದು ಹೇಳಿದಾಗ ನಂಬದೆ ಹೋದ ಇಂಡಿ ತಾಲೂಕಿನ ಹುಡುಗ, ದೀಪಾವಳಿ ರಜೆ ಮುಗಿಸಿ ಬರುವಾಗ ಅಜ್ಜನ ಹೊಲದ ಮಣ್ಣನ್ನು ಚೀಲದಲ್ಲಿ ತಂದನು. ನೀರು ಬೆರೆಸಿ ತಟ್ಟೆಯಲ್ಲಿಟ್ಟೆವು. ಮೂರನೆಯ ದಿನ ಅದು ಅಡ್ಡಾದಿಡ್ಡಿಯಾಗಿ ಬಿರುಕು ಬಿಟ್ಟಿತ್ತು, ಅವನು ಪ್ರತಿ ಬಿರುಕಿಗೂ ಸ್ಕೇಲು ಹಿಡಿದು ಅಳೆಯುತ್ತ ಕುಳಿತಿದ್ದನು.