ಎಡಗೈಯ ಆಟ: ವೀಲ್‌ಚೇರ್ ಟೇಬಲ್ ಟೆನಿಸ್‌ನಲ್ಲಿ ನನ್ನ ಅನುಭವ

ವೀಲ್‌ಚೇರ್‌ನಲ್ಲಿ ಕುಳಿತು ಟೇಬಲ್ ಟೆನಿಸ್ ಆಡುವವರ ಬಲ ಬ್ಯಾಟ್ ಹಿಡಿದ ಕೈಯಲ್ಲಿ ಎಷ್ಟಿದೆಯೋ ಚಕ್ರ ಹಿಡಿದ ಕೈಯಲ್ಲೂ ಅಷ್ಟೇ ಇದೆ. ಇದನ್ನು ನನಗೆ ಆರಂಭದಲ್ಲೇ ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು. ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಆನಿಸಿ ಕಾಳುಮೆಣಸು ಕೊಯ್ಯುವಾಗ ಬಿದ್ದು ಬೆನ್ನುಹುರಿಗೆ ಪೆಟ್ಟಾದವನು ನಾನು. ಕೊಡಗಿನ ತೋಟಗಳಲ್ಲಿ ಇಂಥ ಅವಘಡ ಅಪರೂಪವಲ್ಲ. ಹಾಕಿಯೇ ಉಸಿರಾಗಿರುವ ಈ ಜಿಲ್ಲೆಯಲ್ಲಿ, ಕುಳಿತು ಆಡುವ ಆಟವೊಂದಿದೆ ಎಂದು ನನಗೆ ತಿಳಿದದ್ದೇ ಪುನರ್ವಸತಿ ಕೇಂದ್ರದಲ್ಲಿ.

ಅಂತಾರಾಷ್ಟ್ರೀಯ ನಿಯಮದಂತೆ 1ರಿಂದ 5ರವರೆಗಿನ ವರ್ಗಗಳು ವೀಲ್‌ಚೇರ್ ಆಟಗಾರರಿಗೆ, 6ರಿಂದ 10 ನಿಂತು ಆಡುವವರಿಗೆ, 11 ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ. ಸಂಖ್ಯೆ ಕಡಿಮೆಯಾದಷ್ಟೂ ದೇಹದ ಮೇಲಿನ ಹಿಡಿತ ಕಡಿಮೆ. ಮೊದಲೆರಡು ವರ್ಗಗಳಲ್ಲಿ ಬ್ಯಾಟನ್ನು ಕೈಗೆ ಪಟ್ಟಿಯಿಂದ ಬಿಗಿದುಕೊಂಡು ಆಡುವವರಿದ್ದಾರೆ. ನನ್ನದು 4ನೆಯ ವರ್ಗ. ಮುಂಡವನ್ನು ನೆಟ್ಟಗೆ ಇರಿಸಿಕೊಳ್ಳಬಲ್ಲೆ, ಆದರೆ ಬಲಕ್ಕೆ ಚಾಚಿ ಒಂದು ಫೋರ್‌ಹ್ಯಾಂಡ್ ಹೊಡೆದ ಮೇಲೆ ಸೊಂಟದ ಬಲದಿಂದ ಮೊದಲಿನ ಸ್ಥಿತಿಗೆ ಮರಳಲಾರೆ. ಆಗ ಎಡಗೈ ಚಕ್ರದ ಹೊರಬಳೆಯನ್ನು ಹಿಡಿದು ದೇಹವನ್ನು ಎಳೆದು ತರಬೇಕು. ಹೊಡೆತ ಮುಗಿದ ನಂತರವಲ್ಲ, ಚೆಂಡು ಬ್ಯಾಟ್ ಬಿಡುತ್ತಿರುವ ಹೊತ್ತಿಗೇ ಈ ಎಳೆತ ಆರಂಭವಾಗಿರಬೇಕು. ಇಲ್ಲವಾದರೆ ಎದುರಾಳಿ ಮುಂದಿನ ಚೆಂಡನ್ನು ಖಾಲಿ ಬಿಟ್ಟ ಎಡಮೂಲೆಗೇ ಕಳಿಸುತ್ತಾನೆ. ಚೆಂಡೇ ಇಲ್ಲದೆ, ಕುರ್ಚಿಯ ಬ್ರೇಕ್ ಹಾಕಿ, ಚಾಚುವುದು ಮತ್ತು ಮರಳುವುದು, ಇಷ್ಟನ್ನೇ ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆ.

ಸರ್ವ್ ವಿಷಯದಲ್ಲಿ ನಿಯಮವೇ ಬೇರೆ. ಸಿಂಗಲ್ಸ್‌ನಲ್ಲಿ ಸರ್ವ್ ಮಾಡಿದ ಚೆಂಡು ಎದುರಾಳಿಯ ಕಡೆ ಪುಟಿದು ಪಕ್ಕದ ಗೆರೆಯಿಂದ ಹೊರಹೋದರೆ, ಅಥವಾ ನೆಟ್‌ನತ್ತ ಹಿಂದಿರುಗಿದರೆ, ಅದು ಲೆಟ್, ಅಂದರೆ ಪಾಯಿಂಟ್ ಯಾರಿಗೂ ಇಲ್ಲದೆ ಮತ್ತೆ ಸರ್ವ್ ಮಾಡಬೇಕು. ಹಾಗಾಗಿ ಸರ್ವ್‌ನಲ್ಲಿ ಕೊನೆಗೆರೆ ದಾಟುವ ಉದ್ದನೆಯ, ಹಿಂತಿರುವು (ಬ್ಯಾಕ್‌ಸ್ಪಿನ್) ತುಂಬಿದ ಚೆಂಡನ್ನೇ ನಂಬಬೇಕು. ರ‍್ಯಾಲಿ ಶುರುವಾದ ಮೇಲೆ ಈ ಕಟ್ಟು ಇಲ್ಲ. ನೆಟ್‌ಗೆ ಅಂಟಿದಂತೆ ಹಾಕಿದ ಮೃದು ಚೆಂಡು ಕುಳಿತವರ ಕೈಗೆ ನಿಲುಕುವುದು ಬಲು ಕಷ್ಟ. ಈ ಆಟದ ನಿಜವಾದ ಸೊಗಸು ಇರುವುದೇ ಇಲ್ಲಿ ಎಂದು ನಾನು ನಂಬುತ್ತೇನೆ.

ಊರಿನಲ್ಲಿ ಅಭ್ಯಾಸಕ್ಕೆ ತಕ್ಕ ಮೇಜು ಸಿಗುವುದೇ ಕಷ್ಟವಾಗಿತ್ತು. ವೀಲ್‌ಚೇರ್ ಆಟಕ್ಕೆ ಮೇಜಿನ ಕಾಲುಗಳು ಕೊನೆಗೆರೆಯಿಂದ ಕನಿಷ್ಠ 40 ಸೆಂಟಿಮೀಟರ್ ಒಳಗಿರಬೇಕು. ನಮ್ಮಲ್ಲಿದ್ದ ಹಳೆಯ ಮೇಜಿನ ಕಾಲುಗಳು ಅಂಚಿನಲ್ಲೇ ಇದ್ದು, ಪಾದ ಇಡುವ ತಟ್ಟೆ ಅವಕ್ಕೆ ತಗಲುತ್ತಿತ್ತು. ಬಡಗಿಯೊಬ್ಬರಿಂದ ಅದನ್ನು ಬದಲಿಸಿಕೊಂಡೆ. ಮಳೆಗಾಲದ್ದು ಇನ್ನೊಂದು ಪಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಗಾಳಿಯಲ್ಲೇ ನೀರಿರುತ್ತದೆ. ತೇವ ಕುಳಿತ ರಬ್ಬರ್ ಮೇಲೆ ಚೆಂಡು ಕಚ್ಚದೆ ಜಾರುತ್ತದೆ, ಚಕ್ರದ ಬಳೆಯಿಂದ ಕೈಯೂ ಜಾರುತ್ತದೆ. ಪ್ರತಿ 6 ಪಾಯಿಂಟ್‌ಗೊಮ್ಮೆ ಟವೆಲ್ ಬಳಸಲು ಅವಕಾಶ ಸಿಕ್ಕಾಗ ನಾನು ಮೊದಲು ಒರೆಸುವುದು ಆ ಬಳೆಯನ್ನು, ಆಮೇಲೆ ಬ್ಯಾಟನ್ನು, ಕೊನೆಗೆ ಮುಖವನ್ನು. ಗಂಟೆಗಟ್ಟಲೆ ಕುಳಿತಲ್ಲೇ ಕುಳಿತರೆ ಒತ್ತಡದ ಹುಣ್ಣಾಗುವ ಅಪಾಯವೂ ಇರುವುದರಿಂದ, ನಡುನಡುವೆ ಎರಡೂ ಕೈ ಊರಿ ದೇಹವನ್ನು ಸೀಟಿನಿಂದ ಎತ್ತುವುದನ್ನು ಎಂದೂ ತಪ್ಪಿಸುವುದಿಲ್ಲ.

ರೈಲೇ ಇಲ್ಲದ ಜಿಲ್ಲೆಯಿಂದ ಪಂದ್ಯಗಳಿಗೆ ಹೋಗುವುದೆಂದರೆ ಕುರ್ಚಿಯನ್ನು ಮಡಚಿ ಬಸ್ಸಿಗೇರಿಸಿ ಮೈಸೂರು ತಲುಪಿ, ಅಲ್ಲಿಂದ ರೈಲು ಹಿಡಿಯುವುದು. ರಾಜ್ಯಮಟ್ಟದಲ್ಲಿ ಪದಕಗಳು ಬಂದವು, ರಾಷ್ಟ್ರಮಟ್ಟದಲ್ಲಿ ಗುಂಪು ಹಂತ ದಾಟಲು ವರ್ಷಗಳೇ ಹಿಡಿದವು. 2021ರ ಆಗಸ್ಟ್‌ನಲ್ಲಿ, ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಮಹಿಳೆಯರ 4ನೆಯ ವರ್ಗದಲ್ಲಿ ಗುಜರಾತಿನ ಭಾವಿನಾ ಪಟೇಲ್ ಅವರು ರಿಯೊ ಚಾಂಪಿಯನ್ ಬೊರಿಸ್ಲಾವಾ ಪೆರಿಚ್ ರಾಂಕೊವಿಚ್ ಅವರನ್ನೂ, ಬಳಿಕ ಸೆಮಿಫೈನಲ್‌ನಲ್ಲಿ ಚೀನಾದ ಜಾಂಗ್ ಮಿಯಾವೊ ಅವರನ್ನೂ ಸೋಲಿಸಿ ಬೆಳ್ಳಿ ಗೆದ್ದರು. ಟೇಬಲ್ ಟೆನಿಸ್‌ನಲ್ಲಿ ಭಾರತಕ್ಕೆ ಅದು ಮೊದಲ ಪ್ಯಾರಾಲಿಂಪಿಕ್ ಪದಕ. ನನ್ನದೇ ವರ್ಗದ ಆಟ ಅಷ್ಟು ಎತ್ತರದಲ್ಲಿ ನಡೆಯುವುದನ್ನು ನೋಡಿದ ಮೇಲೆ, ಆ ಪಂದ್ಯಗಳನ್ನು ಮತ್ತೆ ಮತ್ತೆ ಹಾಕಿಕೊಂಡು ಕುಳಿತೆ. ಅವರು ಚೆಂಡಿನ ವೇಗವನ್ನು ಏರಿಳಿಸಿ ಎದುರಾಳಿಯ ಲಯ ಕೆಡಿಸುವ ರೀತಿ ನನ್ನ ಬ್ಯಾಕ್‌ಹ್ಯಾಂಡಿಗೆ ಬೇಕಾಗಿದ್ದ ಪಾಠವಾಗಿತ್ತು. ಈಗ ತೋಟದ ಕೆಲಸಗಾರರ ಮಕ್ಕಳಲ್ಲಿ ವೀಲ್‌ಚೇರ್ ಬಳಸುವ ಒಬ್ಬಳು ಸಂಜೆ ನನ್ನ ಜೊತೆ ಆಡುತ್ತಾಳೆ. ಅವಳಿಗೆ ಬ್ಯಾಟ್ ಹಿಡಿಯುವುದಕ್ಕಿಂತ ಮುಂಚೆ ಚಕ್ರ ಹಿಡಿಯುವುದನ್ನು ಕಲಿಸುತ್ತಿದ್ದೇನೆ.